ಮನೆಯ ರೆಕಾರ್ಡಿಂಗಿಗೂ ರೈಲಿನ ಪ್ರಯಾಣಕ್ಕೂ ಒಂದೇ ಹೆಡ್‌ಫೋನ್: ಕಡಿಮೆ ಖರ್ಚಿನಲ್ಲಿ ಆರಿಸುವುದು ಹೇಗೆ?

ಕಾಸರಗೋಡು: ತಾಳಮದ್ದಳೆಯ ಪದ, ಭಜನೆ, ಪಾಡ್ದನ, ಮೊಗ್ರಾಲ್ ಕಡೆಯ ಮಾಪ್ಪಿಳೆ ಪಾಟ್ಟು, ಮಕ್ಕಳ ಸಂಗೀತ ಪಾಠ. ಇವನ್ನೆಲ್ಲ ಧ್ವನಿಮುದ್ರಿಸಲು ಒಂದು ಕಾಲದಲ್ಲಿ ಮಂಗಳೂರಿನ ಸ್ಟುಡಿಯೋಗೆ ಹೋಗಬೇಕಿತ್ತು, ಇಲ್ಲವೇ 1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿಯ ಕರೆಗಾಗಿ ಕಾಯಬೇಕಿತ್ತು. ಈಗ ಒಂದು ಮೊಬೈಲ್ ಅಥವಾ ಲ್ಯಾಪ್‌ಟಾಪ್, ಒಂದು ಮೈಕ್, ಒಂದು ಹೆಡ್‌ಫೋನ್ ಇದ್ದರೆ ಮನೆಯ ಚಾವಡಿಯೇ ಸ್ಟುಡಿಯೋ ಆಗುತ್ತದೆ. ನಮ್ಮ ಜಿಲ್ಲೆಯ ಯುವಕ ಯುವತಿಯರು ಹಾಡು, ಅರ್ಥಗಾರಿಕೆ, ಕಥೆ ಎಲ್ಲವನ್ನೂ ಮನೆಯಲ್ಲೇ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುತ್ತಿದ್ದಾರೆ.

ಮೈಕ್ ಕೊಳ್ಳುವಾಗ ನಾಲ್ಕು ಜನರನ್ನು ವಿಚಾರಿಸುವವರು ಹೆಡ್‌ಫೋನ್ ವಿಷಯ ಬಂದಾಗ ಕೈಗೆ ಸಿಕ್ಕಿದ್ದನ್ನು ಕೊಂಡುಬಿಡುತ್ತಾರೆ. ಹಾಡು ಕೇಳುವುದಕ್ಕೆ ಯಾವುದಾದರೇನು ಎಂಬ ಭಾವನೆ. ಆದರೆ ಧ್ವನಿಮುದ್ರಣ ಕೆಡುವುದು ಎಷ್ಟೋ ಸಲ ಹೆಡ್‌ಫೋನಿನಿಂದಲೇ. ಅದೇ ಹೆಡ್‌ಫೋನನ್ನು ಹಾಕಿಕೊಂಡು ದಿನವೂ ಮಂಗಳೂರಿಗೆ ರೈಲಿನಲ್ಲಿ ಹೋಗಿ ಬರುವವರ ಕಿವಿಯ ಆರೋಗ್ಯವೂ ಅದರ ಮೇಲೆ ನಿಂತಿದೆ. ಹಾಗಾಗಿ ಎರಡೂ ಕೆಲಸಕ್ಕೆ ಆಗುವಂಥ, ಜೇಬಿಗೆ ಭಾರವಾಗದಂಥ ಒಂದು ಹೆಡ್‌ಫೋನನ್ನು ಆರಿಸುವುದು ಹೇಗೆ ಎಂಬುದನ್ನು ಇಲ್ಲಿ ನೋಡೋಣ.

ಮುಚ್ಚಿದ್ದು, ತೆರೆದದ್ದು: ಏನಿದು ವ್ಯತ್ಯಾಸ?

ಹೆಡ್‌ಫೋನ್ ಎಂದರೆ ಎರಡು ಪುಟ್ಟ ಸ್ಪೀಕರುಗಳು. ಸ್ಪೀಕರಿನ ತೆಳು ಪೊರೆ ಮುಂದಕ್ಕೂ ಹಿಂದಕ್ಕೂ ಕಂಪಿಸುತ್ತದೆ. ಮುಂದಿನ ಶಬ್ದ ಕಿವಿಗೆ ಹೋಗುತ್ತದೆ. ಹಿಂದಿನ ಶಬ್ದ ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಗೆ ಎರಡು ಉತ್ತರಗಳಿವೆ. ಹಿಂಬದಿಯಲ್ಲಿ ಜಾಲರಿ ಇಟ್ಟು ಶಬ್ದವನ್ನು ಹೊರಗೆ ಬಿಟ್ಟರೆ ಅದು ತೆರೆದ ಮಾದರಿ. ಹಿಂಬದಿಯನ್ನು ಗಟ್ಟಿ ಬಟ್ಟಲಿನಿಂದ ಮುಚ್ಚಿದರೆ ಅದು ಮುಚ್ಚಿದ ಮಾದರಿ, ಅಂಗಡಿಯವರ ಭಾಷೆಯಲ್ಲಿ ಕ್ಲೋಸ್ಡ್ ಬ್ಯಾಕ್.

ತೆರೆದ ಮಾದರಿಯಲ್ಲಿ ಹಾಡು ಹೆಚ್ಚು ಸಹಜವಾಗಿ, ಎದುರಿನ ವೇದಿಕೆಯಿಂದ ಬಂದಂತೆ ಕೇಳಿಸುತ್ತದೆ. ಸದ್ದಿಲ್ಲದ ಕೋಣೆಯಲ್ಲಿ ಕೂತು ಹಾಡು ಕೇಳುವವರಿಗೆ ಅದು ಚೆನ್ನ. ಆದರೆ ಒಳಗಿನ ಶಬ್ದವೆಲ್ಲ ಹೊರಗೆ ಹೋಗುತ್ತದೆ, ಹೊರಗಿನ ಶಬ್ದವೆಲ್ಲ ಒಳಗೆ ಬರುತ್ತದೆ. ರೆಕಾರ್ಡಿಂಗಿಗೂ ಪ್ರಯಾಣಕ್ಕೂ ಅದು ಹೇಳಿಸಿದ್ದಲ್ಲ. ಮುಚ್ಚಿದ ಮಾದರಿಯಲ್ಲಿ ಈ ಎರಡೂ ದಾರಿಗಳು ಬಹುಮಟ್ಟಿಗೆ ಬಂದ್ ಆಗುತ್ತವೆ. ಮನೆ ಸ್ಟುಡಿಯೋಗೂ ರೈಲಿಗೂ ಒಂದೇ ಹೆಡ್‌ಫೋನ್ ಸಾಕಾಗುವುದು ಇದೇ ಕಾರಣಕ್ಕೆ. ಒಂದು ಕಡೆ ಶಬ್ದ ಹೊರಗೆ ಹೋಗಬಾರದು, ಇನ್ನೊಂದು ಕಡೆ ಶಬ್ದ ಒಳಗೆ ಬರಬಾರದು. ಎರಡನ್ನೂ ಮಾಡುವುದು ಅದೇ ಬಟ್ಟಲು ಮತ್ತು ಅದೇ ಮೆತ್ತೆ.

ಮೈಕಿಗೆ ಸೋರುವ ಶಬ್ದ

ಮನೆಯಲ್ಲಿ ರೆಕಾರ್ಡ್ ಮಾಡುವವರು ಸಾಮಾನ್ಯವಾಗಿ ಒಂದೊಂದೇ ಟ್ರ್ಯಾಕನ್ನು ಬೇರೆ ಬೇರೆಯಾಗಿ ಮಾಡುತ್ತಾರೆ. ಮೊದಲು ಶ್ರುತಿ, ಆಮೇಲೆ ಮದ್ದಳೆ, ಆಮೇಲೆ ಹಾಡು. ಹಾಡುವವರು ಶ್ರುತಿಯನ್ನೂ ಮದ್ದಳೆಯನ್ನೂ ಹೆಡ್‌ಫೋನಿನಲ್ಲಿ ಕೇಳುತ್ತ ಮೈಕಿಗೆ ಹಾಡಬೇಕು. ಹೆಡ್‌ಫೋನ್ ಸರಿಯಾಗಿ ಮುಚ್ಚಿಕೊಳ್ಳದಿದ್ದರೆ ಆ ಶ್ರುತಿ, ಆ ಮದ್ದಳೆ, ತಾಳಕ್ಕಾಗಿ ಹಾಕಿದ 'ಟಿಕ್ ಟಿಕ್' ಎಲ್ಲವೂ ಸಣ್ಣದಾಗಿ ಸೋರಿ ಹಾಡಿನ ಟ್ರ್ಯಾಕಿನೊಳಗೆ ಸೇರಿಕೊಳ್ಳುತ್ತವೆ.

ಹಾಡು ಜೋರಾಗಿದ್ದಾಗ ಇದು ಗೊತ್ತಾಗುವುದಿಲ್ಲ. ಚರಣ ಮುಗಿದು ಉಸಿರು ಎಳೆದುಕೊಳ್ಳುವ ಜಾಗದಲ್ಲಿ, ಆಲಾಪನೆ ತಗ್ಗಿದ ಜಾಗದಲ್ಲಿ ಅದು ಎದ್ದು ಕೇಳಿಸುತ್ತದೆ. ಆಮೇಲೆ ಮದ್ದಳೆಯ ಟ್ರ್ಯಾಕನ್ನು ಸ್ವಲ್ಪ ಆಚೀಚೆ ಸರಿಸಿದರೂ ಎರಡು ಮದ್ದಳೆ ನುಡಿಸಿದಂತಾಗುತ್ತದೆ. ಧ್ವನಿಯೊಳಗೆ ಬೆರೆತ ಶಬ್ದವನ್ನು ಬೇರ್ಪಡಿಸುವ ಸಾಫ್ಟ್‌ವೇರುಗಳು ಈಗ ಬಂದಿವೆ, ನಿಜ. ಆದರೆ ಅವು ತೆಗೆಯುವಾಗ ಧ್ವನಿಯ ನಯವನ್ನೂ ಒಂದಿಷ್ಟು ತೆಗೆದುಬಿಡುತ್ತವೆ.

ತರುಣರು ಹಾಡುವಾಗ ಹೀಗಾದರೆ ಇನ್ನೊಮ್ಮೆ ಹಾಡಿಸಬಹುದು. ಮನೆಯ ಅಜ್ಜಿ ಎಂಬತ್ತೈದರ ಪ್ರಾಯದಲ್ಲಿ ಒಂದು ಪಾಡ್ದನ ನೆನಪಿಸಿಕೊಂಡು ಹೇಳಿದಾಗ ಇನ್ನೊಮ್ಮೆ ಎನ್ನುವುದು ಸುಲಭವಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು 2006ರಲ್ಲಿ, ಕುಂಬಳೆ ಸುಂದರ ರಾವ್ 2022ರಲ್ಲಿ, ಬಲಿಪ ನಾರಾಯಣ ಭಾಗವತರು 2023ರಲ್ಲಿ ನಮ್ಮನ್ನು ಅಗಲಿದರು. ಅವರ ಮಾತು, ಅವರ ಪದ ನಮಗೆ ಇಂದಿಗೂ ಕೇಳಸಿಗುವುದು ಯಾರೋ ಆ ಹೊತ್ತಿಗೆ ರೆಕಾರ್ಡ್ ಮಾಡಿದ್ದರಿಂದ. ಹೆಸರಿಲ್ಲದ ಎಷ್ಟೋ ಹಿರಿಯರು ನಮ್ಮ ಮನೆಗಳಲ್ಲೂ ಇದ್ದಾರೆ. ಅವರ ದನಿ ಹಿಡಿಯುವ ದಿನ ಹೆಡ್‌ಫೋನ್ ಕೈಕೊಡಬಾರದು.

ಅಂದಹಾಗೆ ಹಿರಿಯರನ್ನು ರೆಕಾರ್ಡ್ ಮಾಡುವಾಗ ಹೆಡ್‌ಫೋನನ್ನು ಅವರ ತಲೆಗೆ ಹಾಕಬೇಕಾಗಿಲ್ಲ, ಅವರಿಗೆ ಅದು ಕಿರಿಕಿರಿಯೇ ಸರಿ. ರೆಕಾರ್ಡ್ ಮಾಡುವವರು ಹಾಕಿಕೊಳ್ಳಬೇಕು. ಫ್ಯಾನಿನ ಗಾಳಿ ಮೈಕಿಗೆ ಬಡಿಯುತ್ತಿದೆಯೇ, ತೋಟದ ಪಂಪಿನ ಗುಂಯ್ ಕೇಳುತ್ತಿದೆಯೇ, ಕೈಬಳೆ ಮೇಜಿಗೆ ತಾಗುತ್ತಿದೆಯೇ ಎಂಬುದು ಬರಿಗಿವಿಗೆ ಗೊತ್ತಾಗುವುದಿಲ್ಲ. ನಮ್ಮ ಕಿವಿ ಅಂಥ ಶಬ್ದಗಳನ್ನು ತಾನಾಗಿಯೇ ಬದಿಗೆ ಸರಿಸುತ್ತದೆ, ಮೈಕ್ ಸರಿಸುವುದಿಲ್ಲ. ಮುಚ್ಚಿದ ಹೆಡ್‌ಫೋನಿನಲ್ಲಿ ಮೈಕ್ ಕೇಳಿದ್ದು ಮಾತ್ರ ನಿಮಗೆ ಕೇಳುವುದರಿಂದ ತಪ್ಪು ಆಗಲೇ ಸಿಕ್ಕಿಬೀಳುತ್ತದೆ.

ಒಂದು ಮಾತು ಸ್ಪಷ್ಟವಿರಲಿ. ಹೆಡ್‌ಫೋನ್ ಎಷ್ಟೇ ಒಳ್ಳೆಯದಾದರೂ ಹೊರಗಿನ ಗಲಾಟೆ ಮೈಕಿಗೆ ಹೋಗುವುದನ್ನು ಅದು ತಡೆಯಲಾರದು. ಆಟಿ ತಿಂಗಳ ಮಳೆ ಹಂಚಿನ ಮಾಡಿನ ಮೇಲೆ, ಶೀಟಿನ ಮೇಲೆ ಸುರಿಯುವಾಗ ರೆಕಾರ್ಡಿಂಗ್ ಮುಂದೂಡುವುದೇ ಜಾಣತನ.

ರೈಲಿನಲ್ಲಿ ಕಿವಿಯ ಲೆಕ್ಕ

ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಕಾಲೇಜಿಗೆ, ಆಸ್ಪತ್ರೆಗೆ, ಕೆಲಸಕ್ಕೆ ಎಂದು ದಿನವೂ ರೈಲಿನಲ್ಲಿ, ತಲಪಾಡಿ ದಾಟುವ ಬಸ್ಸಿನಲ್ಲಿ ಹೋಗಿ ಬರುವವರು ಬಹಳ ಮಂದಿ. ಕಿಟಕಿ ತೆರೆದ ಬೋಗಿಯಲ್ಲಿ ಗಾಳಿ, ಗಾಲಿ, ಮಾತು ಎಲ್ಲ ಸೇರಿ ದೊಡ್ಡ ಗದ್ದಲ. ಅದರ ನಡುವೆ ಹಾಡು ಕೇಳಬೇಕಾದರೆ ಗದ್ದಲಕ್ಕಿಂತ ಜೋರಾಗಿ ಇಡಬೇಕು. ಸಾದಾ ಇಯರ್‌ಫೋನ್ ಹಾಕಿದವರು ವಾಲ್ಯೂಮನ್ನು ಕೊನೆಯವರೆಗೂ ಏರಿಸುವುದು ಇದಕ್ಕೇ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ ದೊಡ್ಡವರು 80 ಡೆಸಿಬಲ್ ಮಟ್ಟದ ಶಬ್ದವನ್ನು ವಾರಕ್ಕೆ 40 ಗಂಟೆ ಕೇಳಬಹುದು. ಶಬ್ದ 3 ಡೆಸಿಬಲ್ ಏರಿದರೆ ಸಮಯ ಅರ್ಧಕ್ಕೆ ಇಳಿಯುತ್ತದೆ. ಅಂದರೆ 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ. 90 ಡೆಸಿಬಲಿಗೆ ಬಂದಾಗ ಇಡೀ ವಾರಕ್ಕೆ ಉಳಿಯುವುದು 4 ಗಂಟೆ ಮಾತ್ರ. ದಿನವೂ ಎರಡು ಗಂಟೆ ಪ್ರಯಾಣ ಮಾಡುವವರು ಆ 4 ಗಂಟೆಯನ್ನು ಮಂಗಳವಾರಕ್ಕೇ ಮುಗಿಸಿಬಿಡುತ್ತಾರೆ. ಮಕ್ಕಳಿಗೆ ಮಿತಿ ಇನ್ನೂ ಕಡಿಮೆ, 75 ಡೆಸಿಬಲ್. ಒಮ್ಮೆ ಹಾಳಾದ ಒಳಗಿವಿಯ ಕೋಶಗಳು ಮತ್ತೆ ಹುಟ್ಟುವುದಿಲ್ಲ.

ಮುಚ್ಚಿದ ಹೆಡ್‌ಫೋನ್ ಹೊರಗಿನ ಗದ್ದಲವನ್ನು 10-15 ಡೆಸಿಬಲಿನಷ್ಟು ತಗ್ಗಿಸಿದರೂ ಸಾಕು, ವಾಲ್ಯೂಮನ್ನು ಅಷ್ಟೇ ತಗ್ಗಿಸಿ ಆರಾಮವಾಗಿ ಕೇಳಬಹುದು. ಒಳ್ಳೆಯ ಮುಚ್ಚಿದ ಹೆಡ್‌ಫೋನಿನ ಲಾಭ ಜೋರಾಗಿ ಕೇಳುವುದರಲ್ಲಿ ಅಲ್ಲ, ಮೆಲ್ಲಗೆ ಕೇಳಲು ಸಾಧ್ಯವಾಗುವುದರಲ್ಲಿದೆ.

ಆದರೆ ಅದಕ್ಕೂ ಮಿತಿ ಇದೆ. ಜನರ ಮಾತು, ಗಾಳಿಯ ಸುಯ್ಯೆನ್ನುವ ಸದ್ದು, ಹಾರ್ನು ಇಂಥ ಎತ್ತರದ ಶಬ್ದಗಳನ್ನು ಬಟ್ಟಲು ಮತ್ತು ಮೆತ್ತೆ ಚೆನ್ನಾಗಿ ತಡೆಯುತ್ತವೆ. ಗಾಲಿಯ, ಎಂಜಿನ್ನಿನ ತಗ್ಗು ಗುಡುಗುಡು ಶಬ್ದ ಅಷ್ಟಾಗಿ ತಗ್ಗುವುದಿಲ್ಲ. ಆ ತಗ್ಗು ಶಬ್ದವನ್ನು ಅಳಿಸುವುದಕ್ಕೆಂದೇ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನುಗಳಿವೆ. ಅವು ಹೊರಗಿನ ಶಬ್ದವನ್ನು ಪುಟ್ಟ ಮೈಕಿನಿಂದ ಕೇಳಿ ಅದಕ್ಕೆ ತದ್ವಿರುದ್ಧವಾದ ಶಬ್ದವನ್ನು ಹುಟ್ಟಿಸಿ ಎರಡನ್ನೂ ಅಳಿಸುತ್ತವೆ. ಪ್ರಯಾಣಕ್ಕಷ್ಟೇ ಬೇಕಾದರೆ ಅವು ಒಳ್ಳೆಯವು. ರೆಕಾರ್ಡಿಂಗಿಗೂ ಬೇಕೆನ್ನುವವರಿಗೆ ತೊಂದರೆ ಇದೆ. ಬ್ಯಾಟರಿ ಮುಗಿದರೆ ಕೆಲಸ ನಿಲ್ಲುತ್ತದೆ, ಅಥವಾ ಶಬ್ದದ ಗುಣವೇ ಬದಲಾಗುತ್ತದೆ. ಬ್ಯಾಟರಿ ಹಳತಾದ ಮೇಲೆ ಬದಲಿಸುವುದೂ ಕಷ್ಟ. ಕಡಿಮೆ ಬೆಲೆಯವುಗಳಲ್ಲಿ ಈ ಸೌಲಭ್ಯಕ್ಕೆ ಹಾಕಿದ ಹಣವನ್ನು ಮೆತ್ತೆಯಲ್ಲಿ, ಸ್ಪೀಕರಿನಲ್ಲಿ ಉಳಿಸಿರುತ್ತಾರೆ.

ಇನ್ನೊಂದು ಎಚ್ಚರಿಕೆ. ಹೊರಗಿನ ಶಬ್ದ ಕೇಳದಂತೆ ಮಾಡುವ ವಸ್ತುವನ್ನು ಕೂತಲ್ಲಿ ಮಾತ್ರ ಬಳಸಬೇಕು. ರೈಲು ಹಳಿ ದಾಟುವಾಗ, ಹೆದ್ದಾರಿ ದಾಟುವಾಗ, ಸ್ಕೂಟರ್ ಓಡಿಸುವಾಗ ಹೆಡ್‌ಫೋನ್ ಕುತ್ತಿಗೆಯಲ್ಲೂ ಬೇಡ, ಚೀಲದಲ್ಲಿರಲಿ.

ಬ್ಲೂಟೂತ್ ಏಕೆ ಬೇಡ?

ಈಗ ಅಂಗಡಿಯಲ್ಲಿ ಹೆಡ್‌ಫೋನ್ ಕೇಳಿದರೆ ಮೊದಲು ತೋರಿಸುವುದೇ ತಂತಿಯಿಲ್ಲದ ಬ್ಲೂಟೂತ್. ಹಾಡು ಕೇಳಲು ಅಡ್ಡಿಯಿಲ್ಲ. ಹಾಡುತ್ತ ಕೇಳಲು ಆಗದು. ಬ್ಲೂಟೂತಿನಲ್ಲಿ ಶಬ್ದವನ್ನು ಕುಗ್ಗಿಸಿ, ಕಳುಹಿಸಿ, ಮತ್ತೆ ಬಿಡಿಸುವಷ್ಟರಲ್ಲಿ ಸಾಮಾನ್ಯವಾಗಿ ಸೆಕೆಂಡಿನ ಐದನೇ ಒಂದು ಭಾಗದಷ್ಟು ತಡವಾಗುತ್ತದೆ. ಕೇಳಲು ಇದು ಸಣ್ಣದು. ಆದರೆ ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಅಂದರೆ ಈ ತಡ ಮದ್ದಳೆಗಾರರನ್ನು ಸುಮಾರು 68 ಮೀಟರ್ ದೂರದಲ್ಲಿ, ಗದ್ದೆಯ ಆಚೆ ಬದಿಯಲ್ಲಿ ಕೂರಿಸಿ ನೀವು ಈಚೆ ಬದಿಯಲ್ಲಿ ಹಾಡಿದಂತೆ. ತಾಳ ಕೂಡಿಬರುವುದಾದರೂ ಹೇಗೆ?

ತಂತಿ ಇರುವ ಹೆಡ್‌ಫೋನಿನಲ್ಲಿ ಈ ತೊಂದರೆ ಇಲ್ಲ. ಚಾರ್ಜ್ ಮಾಡಬೇಕಾಗಿಲ್ಲ. ಅದೇ ಬೆಲೆಗೆ ಸ್ಪೀಕರಿನ ಗುಣವೂ ಹೆಚ್ಚು ಸಿಗುತ್ತದೆ. ಪ್ರಯಾಣಕ್ಕೆ ಬ್ಲೂಟೂತ್ ಬೇಕೇ ಬೇಕು ಎನ್ನುವವರು ತಂತಿಯನ್ನೂ ಚುಚ್ಚಬಹುದಾದ ಮಾದರಿ ಹುಡುಕಬೇಕು. ಆಡಿಯೋ-ಟೆಕ್ನಿಕಾದ ಎಂ20ಎಕ್ಸ್‌ಬಿಟಿ ಅಂಥದ್ದೊಂದು. ಮನೆಯಲ್ಲಿ ತಂತಿ, ರೈಲಿನಲ್ಲಿ ಬ್ಲೂಟೂತ್.

ಡಬ್ಬಿಯ ಮೇಲಿನ ಅಂಕಿಗಳಲ್ಲಿ ಯಾವುದು ಮುಖ್ಯ?

ಡಬ್ಬಿಯ ಮೇಲೆ ಹತ್ತು ಬಗೆಯ ಅಂಕಿ ಇರುತ್ತವೆ. ಹೆಚ್ಚಿನವು ಮಾರಾಟದ ಮಾತು. '10 ಹರ್ಟ್ಸ್‌ನಿಂದ 25 ಸಾವಿರ ಹರ್ಟ್ಸ್' ಎಂದು ಬರೆದದ್ದು ಗುಣವನ್ನು ಹೇಳುವುದಿಲ್ಲ. ಮನುಷ್ಯನ ಕಿವಿಗೆ ಕೇಳುವುದೇ 20ರಿಂದ 20 ಸಾವಿರ ಹರ್ಟ್ಸ್, ಪ್ರಾಯ ಹೋದಂತೆ ಮೇಲಿನದು ಕಡಿಮೆಯಾಗುತ್ತದೆ. ಸ್ಪೀಕರ್ 40 ಮಿಲಿಮೀಟರೋ 50 ಮಿಲಿಮೀಟರೋ ಎಂಬುದರಿಂದಲೂ ಒಳ್ಳೆಯದು ಕೆಟ್ಟದು ತಿಳಿಯದು. 'ಎಕ್ಸ್‌ಟ್ರಾ ಬಾಸ್' ಎಂದಿದ್ದರೆ ರೆಕಾರ್ಡಿಂಗಿಗೆ ಬಿಟ್ಟುಬಿಡಿ. ಅದರಲ್ಲಿ ಮದ್ದಳೆ ಯಾವಾಗಲೂ ತುಂಬಿಕೊಂಡೇ ಕೇಳಿಸುತ್ತದೆ. ನೀವು ಅದನ್ನು ನಂಬಿ ಮದ್ದಳೆಯನ್ನು ತಗ್ಗಿಸಿದರೆ ಬೇರೆಯವರ ಮೊಬೈಲಿನಲ್ಲಿ ಮದ್ದಳೆಯೇ ಇರುವುದಿಲ್ಲ.

ನೋಡಲೇಬೇಕಾದ ಅಂಕಿ ಒಂದಿದೆ. ಅದು ಇಂಪೀಡೆನ್ಸ್, ಓಮ್ ಲೆಕ್ಕದಲ್ಲಿ ಬರೆದಿರುತ್ತದೆ. ಇದು ವಿದ್ಯುತ್ತಿಗೆ ಹೆಡ್‌ಫೋನ್ ಒಡ್ಡುವ ತಡೆ. ಮೊಬೈಲು ಕೊಡುವ ವೋಲ್ಟೇಜ್ ಸಣ್ಣದು. ಅರ್ಧ ವೋಲ್ಟ್ ಎಂದಿಟ್ಟುಕೊಳ್ಳಿ. 32 ಓಮಿನ ಹೆಡ್‌ಫೋನಿಗೆ ಅದರಿಂದ ಸುಮಾರು 8 ಮಿಲಿವ್ಯಾಟ್ ಶಕ್ತಿ ಸಿಗುತ್ತದೆ, 250 ಓಮಿನದಕ್ಕೆ 1 ಮಿಲಿವ್ಯಾಟ್ ಮಾತ್ರ. ಉಳಿದದ್ದೆಲ್ಲ ಸಮವಾಗಿದ್ದರೆ ಇದು 9 ಡೆಸಿಬಲಿನ ವ್ಯತ್ಯಾಸ. ಬೇಯರ್‌ಡೈನಾಮಿಕ್ ಕಂಪೆನಿಯ ಡಿಟಿ 770 ಪ್ರೊ ಒಂದೇ ಹೆಸರಿನಲ್ಲಿ 32, 80, 250 ಓಮುಗಳಲ್ಲಿ ಬಂದಿದೆ. 250ರದ್ದಕ್ಕೆ ಪ್ರತ್ಯೇಕ ಆಂಪ್ಲಿಫೈಯರ್ ಇದ್ದರೆ ಚೆನ್ನ. ಮೊಬೈಲಿಗೂ ಲ್ಯಾಪ್‌ಟಾಪಿಗೂ ಒಂದೇ ಬೇಕೆನ್ನುವವರು 32ರಿಂದ 80 ಓಮಿನೊಳಗೆ ಇರಲಿ.

ಎಲ್ಲಕ್ಕಿಂತ ಮುಖ್ಯವಾದದ್ದು ಡಬ್ಬಿಯ ಮೇಲೆ ಇರುವುದೇ ಇಲ್ಲ. ಅದು ನಿಮ್ಮ ತಲೆಗೆ ಅದು ಕೂರುವ ಬಗೆ. ಕಿವಿಯ ಮೇಲೆ ಒತ್ತಿ ಕೂರುವ ಸಣ್ಣ ಮೆತ್ತೆಯದ್ದಕ್ಕಿಂತ ಕಿವಿಯನ್ನು ಪೂರ್ತಿ ಒಳಗೆ ತೆಗೆದುಕೊಳ್ಳುವ ದೊಡ್ಡ ಮೆತ್ತೆಯದ್ದೇ ಒಳ್ಳೆಯದು. ಮೆತ್ತೆಗೂ ಕೆನ್ನೆಗೂ ನಡುವೆ ಸಣ್ಣ ಸಂದು ಉಳಿದರೂ ತಗ್ಗು ಸ್ವರ ಹೊರಗೆ ಹೋಗಿ ಹಾಡು ಸಪ್ಪೆಯಾಗುತ್ತದೆ, ಮೈಕಿಗೂ ಸೋರುತ್ತದೆ. ಕನ್ನಡಕದ ಕಡ್ಡಿ, ಜುಮುಕಿ, ದಪ್ಪ ಜಡೆ ಇವೆಲ್ಲ ಸಂದು ಮಾಡುತ್ತವೆ. ಕನ್ನಡಕ ಹಾಕುವವರು ಹಾಕಿಕೊಂಡೇ ಪರೀಕ್ಷಿಸಬೇಕು. ಹಾಡುವ ಹೊತ್ತಿಗೆ ಜುಮುಕಿ ತೆಗೆದಿಡಬೇಕು.

ಅಂಗಡಿಯಲ್ಲಿ ಹಾಕಿ ನೋಡಲು ಸಿಕ್ಕಿದರೆ ಹೀಗೆ ಮಾಡಿ:

1. ಹೆಡ್‌ಫೋನ್ ಹಾಕಿ, ಹಾಡು ಹಾಕದೆ ಸುಮ್ಮನೆ ನಿಲ್ಲಿ. ಅಂಗಡಿಯ ಮಾತು, ಫ್ಯಾನು ಎಷ್ಟು ತಗ್ಗಿತು ನೋಡಿ.
2. ಬಾಯಿ ತೆರೆದು ಮುಚ್ಚಿ, ಹಾಡುವಂತೆ ದವಡೆ ಆಡಿಸಿ. ಮೆತ್ತೆ ಸರಿದರೆ ನಿಮಗೆ ಅದು ಆಗದು.
3. ಹತ್ತು ನಿಮಿಷ ಹಾಕಿಕೊಂಡಿರಿ. ನೆತ್ತಿ, ಕಿವಿಯ ಹಿಂಬದಿ ನೋಯಬಾರದು.
4. ನಿಮಗೆ ಚೆನ್ನಾಗಿ ಪರಿಚಯ ಇರುವ ಒಂದೇ ಹಾಡನ್ನು ಎಲ್ಲ ಹೆಡ್‌ಫೋನಿನಲ್ಲೂ ಕೇಳಿ. ಭಾಗವತರ ದನಿ, ಚೆಂಡೆಯ ಪೆಟ್ಟು, ಶ್ರುತಿ ಮೂರೂ ಬೇರೆ ಬೇರೆಯಾಗಿ ತಿಳಿಯಬೇಕು.
5. ಜತೆಗಿದ್ದವರಿಗೆ ಒಂದು ಅಡಿ ದೂರದಲ್ಲಿ ನಿಲ್ಲಲು ಹೇಳಿ. ಅವರಿಗೆ ಹಾಡಿನ ಸಾಲು ತಿಳಿಯುವಂತಿದ್ದರೆ ಮೈಕಿಗೂ ತಿಳಿಯುತ್ತದೆ.

ಯಾವುದನ್ನು ಕೊಳ್ಳಬಹುದು?

ಬೆಲೆ ವಾರದಿಂದ ವಾರಕ್ಕೆ ಏರಿಳಿಯುತ್ತದೆ. ಓಣಂ, ದೀಪಾವಳಿಯ ಹೊತ್ತಿಗೆ ಇಳಿಯುವುದೂ ಉಂಟು. ಆದ್ದರಿಂದ ಇಲ್ಲಿ ಅಂದಾಜು ಮಾತ್ರ ಹೇಳುತ್ತೇವೆ. ಕೊಳ್ಳುವ ದಿನ ನೋಡಿಕೊಳ್ಳಿ.

ಎರಡು ಸಾವಿರ ರೂಪಾಯಿಯ ಒಳಗೆ: ಇಲ್ಲಿ ಬ್ರ್ಯಾಂಡಿಗಿಂತ ಮೆತ್ತೆ ಮುಖ್ಯ. ಕಿವಿ ಪೂರ್ತಿ ಮುಚ್ಚುವ, ತಂತಿಯ, ಹೆಚ್ಚು ಬಾಸ್ ಇಲ್ಲದ್ದನ್ನು ಮೇಲಿನ ಐದು ಪರೀಕ್ಷೆ ಮಾಡಿ ಆರಿಸಿ. ಸಿಗದಿದ್ದರೆ ಕಿವಿಯ ಕೊಳವೆಯೊಳಗೆ ಕೂರುವ ರಬ್ಬರ್ ತುದಿಯ ತಂತಿಯ ಇಯರ್‌ಫೋನ್ ಆಗಬಹುದು. ನೋಡಲು ಸಣ್ಣದಾದರೂ ಸರಿಯಾದ ಅಳತೆಯ ತುದಿ ಹಾಕಿದರೆ ಹೊರಗಿನ ಶಬ್ದವನ್ನು ಚೆನ್ನಾಗಿ ತಡೆಯುತ್ತದೆ, ಮೈಕಿಗೂ ಸೋರುವುದು ಬಹಳ ಕಡಿಮೆ. ಈ ಬೆಲೆಯಲ್ಲಿ ಕಳಪೆ ದೊಡ್ಡ ಹೆಡ್‌ಫೋನಿಗಿಂತ ಇದೇ ವಾಸಿ.

ಐದು ಸಾವಿರದ ಆಸುಪಾಸು: ಆಡಿಯೋ-ಟೆಕ್ನಿಕಾದ ಎಟಿಎಚ್-ಎಂ20ಎಕ್ಸ್ ಹೊಸಬರಿಗೆ ಹೇಳಿಸಿದ್ದು. 47 ಓಮ್, ತಂತಿ ಬಿಟ್ಟರೆ 190 ಗ್ರಾಂ ತೂಕ. ಮೊಬೈಲಿನಲ್ಲೂ ಸಾಕಷ್ಟು ಕೇಳುತ್ತದೆ. ಕೊರತೆ ಎಂದರೆ ಬಿಚ್ಚಲಾಗದ 3 ಮೀಟರ್ ತಂತಿ, ಮಡಚಲು ಬಾರದ ಪಟ್ಟಿ. ಮನೆಯಲ್ಲಿ ಉದ್ದ ತಂತಿ ಅನುಕೂಲವೇ, ರೈಲಿನಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಬೇಕಾಗುತ್ತದೆ. ಎಕೆಜಿಯ ಕೆ72 ಕೂಡ ಮುಚ್ಚಿದ ಮಾದರಿಯದ್ದೇ, 32 ಓಮ್.

ಹತ್ತು ಸಾವಿರದ ಆಸುಪಾಸು: ಸಾಧ್ಯವಾದವರಿಗೆ ಇಲ್ಲಿ ಮೂರು ಹೆಸರು. ಎಟಿಎಚ್-ಎಂ40ಎಕ್ಸ್ ಮಡಚುತ್ತದೆ, ತಂತಿ ಬಿಚ್ಚಿ ಬದಲಿಸಬಹುದು, 35 ಓಮ್. ಮನೆ ಮತ್ತು ರೈಲು ಎರಡಕ್ಕೂ ಹೊಂದುವುದರಲ್ಲಿ ಇದೇ ಮುಂದು. ಸೋನಿ ಎಂಡಿಆರ್-7506 1991ರಿಂದಲೂ ಸ್ಟುಡಿಯೋಗಳಲ್ಲಿ ಇರುವಂಥದ್ದು, 63 ಓಮ್. ದನಿಯಲ್ಲಿನ ಸಣ್ಣ ತಪ್ಪನ್ನೂ ಎತ್ತಿ ತೋರಿಸುತ್ತದೆ. ಆದರೆ ಸುರುಳಿ ತಂತಿ ಭಾರ, ಮೆತ್ತೆಯ ತೆಳು ಹೊದಿಕೆ ಬೇಗ ಸುಲಿಯುತ್ತದೆ. ಸೆನ್‌ಹೈಸರ್ ಎಚ್‌ಡಿ 280 ಪ್ರೊ 64 ಓಮಿನದ್ದು. ಹೊರಗಿನ ಶಬ್ದವನ್ನು 32 ಡೆಸಿಬಲ್‌ವರೆಗೆ ತಗ್ಗಿಸುತ್ತದೆ ಎಂದು ಕಂಪೆನಿ ಹೇಳುತ್ತದೆ. ತಲೆಗೆ ಸ್ವಲ್ಪ ಬಿಗಿ.

ಹೆಸರು ಪಡೆದ ಮಾದರಿಗಳಿಗೆ ನಕಲಿಯೂ ಇದೆ. ನಂಬಲಾಗದಷ್ಟು ಕಡಿಮೆ ಬೆಲೆಗೆ ಸಿಕ್ಕಿದರೆ ನಂಬಬೇಡಿ. ಬಿಲ್ ತೆಗೆದುಕೊಳ್ಳಿ. ಗಲ್ಫ್‌ನಿಂದ ಬರುವ ಮಾವನೋ ಅಣ್ಣನೋ ತಂದುಕೊಡುವುದಾದರೆ ಅಲ್ಲಿನ ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿ. ಹೆಚ್ಚಿನ ಸಂದರ್ಭ ನಡೆಯುವುದಿಲ್ಲ.

ಈಗಿನ ಅನೇಕ ಮೊಬೈಲುಗಳಲ್ಲಿ ಹೆಡ್‌ಫೋನ್ ತೂತು ಇಲ್ಲ. ಅಂಥವರಿಗೆ ಟೈಪ್-ಸಿ ಅಡಾಪ್ಟರ್ ಬೇಕು. ಅದರಲ್ಲೂ ಒಳಗೆ ಶಬ್ದ ಪರಿವರ್ತಕ ಚಿಪ್ ಇರುವುದನ್ನೇ ಕೇಳಿ ಪಡೆಯಿರಿ. ಚಿಪ್ ಇಲ್ಲದ ಅಗ್ಗದ ಅಡಾಪ್ಟರುಗಳು ಕೆಲವು ಮೊಬೈಲಿಗೆ ಮಾತ್ರ ಹೊಂದುತ್ತವೆ. ಆಡಿಯೋ ಇಂಟರ್‌ಫೇಸ್ ಇದ್ದವರಿಗೆ 6.3 ಮಿಲಿಮೀಟರಿನ ದಪ್ಪ ಪಿನ್ ಬೇಕಾದೀತು. ಮೇಲೆ ಹೇಳಿದ ಹೆಚ್ಚಿನವುಗಳ ಜತೆ ಅದು ಬರುತ್ತದೆ.

ಮನೆಗೆ ತಂದ ಮೇಲೆ

ಮೊದಲ ದಿನವೇ ಸೋರಿಕೆಯ ಪರೀಕ್ಷೆ ಮಾಡಿ. ಹೆಡ್‌ಫೋನ್ ಹಾಕಿಕೊಂಡು ಮೈಕಿನ ಮುಂದೆ ಹಾಡುವ ಜಾಗದಲ್ಲೇ ಕೂತು, ಹಾಡುವಾಗ ಇಡುವ ವಾಲ್ಯೂಮಿನಲ್ಲೇ ಶ್ರುತಿ ಮತ್ತು ತಾಳ ಹಾಕಿ, ನೀವು ಮಾತ್ರ ಮೌನವಾಗಿದ್ದು ಒಂದು ನಿಮಿಷ ರೆಕಾರ್ಡ್ ಮಾಡಿ. ಆಮೇಲೆ ಅದನ್ನು ಜೋರು ಮಾಡಿ ಕೇಳಿ. ತಾಳ ಎಣಿಸುವಷ್ಟು ಸ್ಪಷ್ಟವಾಗಿ ಕೇಳಿದರೆ ಸೋರಿಕೆ ಇದೆ ಎಂದರ್ಥ. ವಾಲ್ಯೂಮ್ ತಗ್ಗಿಸಿ ನೋಡಿ, ಮೈಕನ್ನು ಬಾಯಿಗೆ ಸ್ವಲ್ಪ ಹತ್ತಿರ ತನ್ನಿ, ಚೂಪಾದ 'ಟಿಕ್' ಬದಲು ಮೆತ್ತನೆಯ ತಾಳ ಹಾಕಿ. ಅರ್ಧಕ್ಕರ್ಧ ತೊಂದರೆ ಇಷ್ಟರಲ್ಲೇ ಹೋಗುತ್ತದೆ.

ತಮ್ಮ ದನಿ ಕೇಳಲೆಂದು ಹಲವು ಗಾಯಕರು ಒಂದು ಕಿವಿಯ ಬಟ್ಟಲನ್ನು ಹಿಂದಕ್ಕೆ ಸರಿಸುತ್ತಾರೆ. ಅಭ್ಯಾಸ ಒಳ್ಳೆಯದೇ, ಶ್ರುತಿ ನಿಲ್ಲುತ್ತದೆ. ಆದರೆ ಸರಿಸಿದ ಬಟ್ಟಲು ಗಾಳಿಗೆ ತೆರೆದಿದ್ದರೆ ಶಬ್ದವೆಲ್ಲ ಮೈಕಿಗೆ. ಅದನ್ನು ಕಿವಿಯ ಹಿಂದೆ ತಲೆಗೆ ಒತ್ತಿ ಕೂರಿಸಿ, ಇಲ್ಲವೇ ಸಾಫ್ಟ್‌ವೇರಿನಲ್ಲಿ ಆ ಬದಿಯನ್ನು ಬಂದ್ ಮಾಡಿ.

ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದಾಗ ಹೆಡ್‌ಫೋನಿನಲ್ಲಿ 'ಗುಂಯ್' ಕೇಳಿದರೆ ಹೆಡ್‌ಫೋನ್ ಹಾಳು ಎಂದುಕೊಳ್ಳಬೇಡಿ. ಮನೆಯ ಅರ್ಥಿಂಗ್ ಸರಿ ಇಲ್ಲದಿರಬಹುದು, ಇನ್ವರ್ಟರಿನ ಕರೆಂಟೂ ಕಾರಣ ಇರಬಹುದು. ಚಾರ್ಜರ್ ತೆಗೆದು ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿ. ಏಪ್ರಿಲ್-ಮೇ ಮತ್ತು ತುಲಾಮಳೆಯ ಕಾಲದಲ್ಲಿ ಗುಡುಗು ಮಿಂಚು ಶುರುವಾದರೆ ಕರೆಂಟಿಗೆ ಜೋಡಿಸಿದ ಉಪಕರಣದಿಂದ ತಂತಿಯ ಹೆಡ್‌ಫೋನ್ ಹಾಕಿಕೊಂಡು ಕೂರಲೇಬೇಡಿ.

ಮೆತ್ತೆಯ ಆರೈಕೆಯನ್ನು ಮರೆಯಬಾರದು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ನಮ್ಮದು. ಕಪಾಟಿನಲ್ಲಿಟ್ಟ ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುವಂತೆ ಹೆಡ್‌ಫೋನ್ ಮೆತ್ತೆಗೂ ಹಿಡಿಯುತ್ತದೆ. ಬೆವರು ಸೇರಿದರೆ ಮೇಲಿನ ಕೃತಕ ಚರ್ಮ ಕರಿ ಹುಡಿಯಾಗಿ ಉದುರುತ್ತದೆ. ಬಳಸಿದ ಮೇಲೆ ಒಣ ಹತ್ತಿ ಬಟ್ಟೆಯಿಂದ ಒರೆಸಿ. ಬಿಸಿಲಿಗೆ ಇಡಬೇಡಿ, ನೆರಳಲ್ಲಿ ಗಾಳಿಯಾಡಲಿ. ಮಳೆಗಾಲದಲ್ಲಿ ಮುಚ್ಚಳ ಇರುವ ಡಬ್ಬದಲ್ಲಿ ಎರಡು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ಮೆತ್ತೆ ಸುಲಿದರೆ ಸಂದು ಬಿದ್ದು ಶಬ್ದ ಸೋರತೊಡಗುತ್ತದೆ, ಆಗ ಮೆತ್ತೆ ಮಾತ್ರ ಬದಲಿಸಿದರೆ ಸಾಕು. ಅದಕ್ಕೇ ಕೊಳ್ಳುವ ಮೊದಲು ಆ ಮಾದರಿಗೆ ಬಿಡಿ ಮೆತ್ತೆ ಸಿಗುತ್ತದೆಯೇ ಎಂದು ಕೇಳಿ. ಬಿಡಿ ಮೆತ್ತೆ ಸಿಗುವ ಹೆಡ್‌ಫೋನ್ ಹತ್ತು ವರ್ಷ ಬಂದರೂ ಬಂದೀತು. ಸಿಗದ್ದು ಎರಡು ಮಳೆಗಾಲಕ್ಕೆ ಮೂಲೆ ಸೇರುತ್ತದೆ.

ಕೊನೆಯ ಮಾತು ಮಿಕ್ಸಿಂಗ್ ಬಗ್ಗೆ. ಮುಚ್ಚಿದ ಹೆಡ್‌ಫೋನ್ ರೆಕಾರ್ಡ್ ಮಾಡಲು ಒಳ್ಳೆಯದು, ಆದರೆ ಎಲ್ಲ ಟ್ರ್ಯಾಕುಗಳ ಹದ ನೋಡುವುದಕ್ಕೆ ಅದೊಂದನ್ನೇ ನಂಬಬಾರದು. ಬಟ್ಟಲಿನೊಳಗೆ ತಗ್ಗು ಸ್ವರ ಸ್ವಲ್ಪ ಹೆಚ್ಚಾಗಿ ಕೇಳುವುದು ಸಾಮಾನ್ಯ. ಹಾಡು ಸಿದ್ಧವಾದ ಮೇಲೆ ಮೊಬೈಲಿನ ಸ್ಪೀಕರಿನಲ್ಲಿ ಒಮ್ಮೆ, ಕಾರಿನಲ್ಲಿ ಒಮ್ಮೆ, ಮನೆಯ ಟಿವಿಯಲ್ಲಿ ಒಮ್ಮೆ ಕೇಳಿ. ಎಲ್ಲ ಕಡೆಯೂ ಹಾಡಿನ ಮಾತು ತಿಳಿಯುತ್ತದೆ ಎಂದಾದರೆ ಸರಿಯಾಗಿದೆ ಎಂದು ಲೆಕ್ಕ.

ಒಟ್ಟಿನಲ್ಲಿ ಹೇಳುವುದಾದರೆ, ಕೈಯಲ್ಲಿರುವ ಹಣವನ್ನು ಬಟನ್ನು, ಬ್ಯಾಟರಿ, ಬಾಸ್‌ಗೆ ಹಾಕದೆ ಕಿವಿ ಪೂರ್ತಿ ಮುಚ್ಚುವ ಒಳ್ಳೆಯ ಮೆತ್ತೆಗೆ ಹಾಕಿ. ತಂತಿ ಇರಲಿ, 80 ಓಮ್ ಮೀರದಿರಲಿ, ಬಿಡಿ ಮೆತ್ತೆ ಸಿಗುವಂತಿರಲಿ. ಇಷ್ಟನ್ನು ನೋಡಿ ಕೊಂಡರೆ ಅದೇ ಹೆಡ್‌ಫೋನ್ ಬೆಳಿಗ್ಗೆ ರೈಲಿನಲ್ಲಿ ನಿಮ್ಮ ಕಿವಿಯನ್ನು ಕಾಯುತ್ತದೆ, ಸಂಜೆ ಚಾವಡಿಯಲ್ಲಿ ಅಜ್ಜಿಯ ದನಿಯನ್ನು ಶುದ್ಧವಾಗಿ ಹಿಡಿದುಕೊಡುತ್ತದೆ. ಮಳೆ ಬಿಟ್ಟ ಒಂದು ದಿನ ನೋಡಿ ಆ ಕೆಲಸ ಶುರು ಮಾಡಿ.